ಓಡಿಸಿ ನೋಡಲು ಹೋದ ಸೈಕಲ್

ಭಾನುವಾರ, ೧೦ ನವೆಂಬರ್ ೨೦೨೪

ಮಗಳು ಭುವನಾಗೆ ರೇಸ್ ಸೈಕಲ್ ಕೊಡಿಸಲು ಗಾಂಧಿ ಚೌಕದ ಬುಡ್ಡೇಸಾಬರ ಅಂಗಡಿಗೆ ಹೋಗಿದ್ದೆ. ಓಡಿಸಿ ನೋಡದವರಿಗೆ ಅವರು ಸೈಕಲ್ ಮಾರುವುದಿಲ್ಲ. ಓಡಿಸಲು ಹೋದವರು ಮರಳುವತನಕ ಜೊತೆಗೆ ಬಂದವರು ಅಲ್ಲೇ ಒತ್ತೆಯಾಗಿ ಕೂರಬೇಕು.

ಕೂತೆ. ಚಹಾ ಬಂತು, ಮತ್ತೊಮ್ಮೆ ಬಂತು. ಮಗಳು ಬರಲಿಲ್ಲ, ಫೋನೂ ಎತ್ತಲಿಲ್ಲ. ಲಾರಿಗಳೇ ಕಣ್ಣ ಮುಂದೆ ಬಂದವು.

ಕೊನೆಗೆ ಅವಳೇ ಫೋನ್ ಮಾಡಿದಳು. "ಅವ್ವಾ, ಸೈಕಲ್ ಭಾಳ ಚಲೋ ಐತಿ, ತಗೋ. ಹೊನವಾಡಕ್ಕ ಬಂದೇನಿ, ಆಯಿ ಮನಿಗೆ."

ಹೊನವಾಡ, ನನ್ನ ತವರು! ತಮ್ಮನ ಮದುವೆಯಲ್ಲಿ ಅವ್ವನೊಡನೆ ಜಗಳವಾಡಿ ಬಂದ ಮೇಲೆ ನಾನು ಆ ಹೊಸ್ತಿಲು ತುಳಿದಿಲ್ಲ. ಇವಳು ಒಂದು ಮಾತೂ ಹೇಳದೆ ಟಿಕೋಟಾ ದಾಟಿ ಅಷ್ಟು ದೂರ ಹೋಗಿಬಿಟ್ಟಳೇ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ದನಿ, ಮೂರು ವರ್ಷದ ಮೇಲೆ.

"ಬೈಬ್ಯಾಡ ಅಕೀಗೆ, ಉಣ್ಣಾಕತ್ತಾಳ. ನೀ ಅಲ್ಲಿ ಒತ್ತಿ ಕುಂತೀಯಂತ. ಇವತ್ತಿಂದ ಅಕಿ ನನ್ನ ಕಡೆ ಒತ್ತಿ. ಬಿಡಸ್ಕೊಂಡ ಹೋಗಾಕ ನೀನ ಬರಬೇಕ ನೋಡ."

ಸೈಕಲ್ಲಿನ ದುಡ್ಡು ಎಣಿಸಿಕೊಂಡು ಬುಡ್ಡೇಸಾಬರು ನಕ್ಕು ನನ್ನನ್ನು ಬಿಟ್ಟರು. ಅವ್ವ ಬಿಡುವವಳಲ್ಲ.

ಹೊನವಾಡದ ಮೊದಲ ಬಸ್ಸು ಎಷ್ಟು ಗಂಟೆಗೋ, ಅದೂ ಮರೆತುಹೋಗಿದೆ.