ಹಾಲಮ್ಮ ಗುರುತಿಸಿದ ಮುಖ

ಜುಲೈ ೧೪, ಸೋಮವಾರ

ಭದ್ರಾವತಿಯ ಓಲ್ಡ್ ಟೌನಿಗೆ ಹೋಗಿ ಕಾಂತರಾಜ್ ಅವರಿಗೆ ಅವರ ತೀರಿಹೋದ ತಂದೆಯ ಪೆನ್ಸಿಲ್ ಚಿತ್ರ ಕೊಟ್ಟೆ. ಮೊಬೈಲ್ ಫೋಟೊ ನೋಡಿ ಸುಕ್ಕು, ಮಚ್ಚೆ, ಹುಬ್ಬಿನ ಒಂದೊಂದು ಕೂದಲನ್ನೂ ಬಿಡದೆ ಬರೆದಿದ್ದೆ.

"ಫೋಟೊನೇ ಕಣ್ರೀ!" ಎಂದು ಅವರು ಹಿಗ್ಗಿದರು. ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇರಲಿಲ್ಲ.

ಅವರ ತಾಯಿ ಹಾಲಮ್ಮ ಚಿತ್ರವನ್ನು ದಿಟ್ಟಿಸಿ, "ಯಾರಪ್ಪ ಇವ್ರು?" ಅಂದರು.

ಮರೆವಿರಬೇಕು ಅಂದುಕೊಂಡೆ. ಅಷ್ಟರಲ್ಲಿ ನನ್ನ ಫೈಲಿನಿಂದ ಮೊದಲ ಕರಡು ಜಾರಿ ಬಿತ್ತು. ಇದ್ದಿಲು ತೀಡಿದ, ಕಣ್ಣು ಮೂಗು ಸರಿಯಾಗಿ ಮೂಡದ ಮಸುಕು ಮುಖ. ಎಸೆಯಬೇಕೆಂದಿದ್ದೆ.

"ಇವ್ರು! ನಮ್ಮನೆಯವ್ರು!" ಎಂದು ಹಾಲಮ್ಮ ಅದನ್ನು ಎದೆಗವಚಿಕೊಂಡು ಅತ್ತರು.

ಕಾಂತರಾಜ್ ಮೆಲ್ಲಗೆ ಹೇಳಿದರು: "ಅಮ್ಮಂಗೆ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಟ್ಲೆ ಆಗಿತ್ತು. ಅಪ್ಪ ಹೋದ್ಮೇಲೇ ಆಪರೇಷನ್ ಮಾಡ್ಸಿದ್ದು."

ಹೊರಡುವಾಗ ಹಾಲಮ್ಮ ಪೆನ್ಸಿಲ್ ಚಿತ್ರವನ್ನು ನನ್ನ ಕೈಗೇ ಇಟ್ಟರು. "ಇದೂ ಚೆನ್ನಾಗೇ ಬರ್ದಿದೀಯಪ್ಪ. ನೀನೇ ಇಟ್ಕೋ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಶಿವಮೊಗ್ಗಕ್ಕೆ ಬಂದೆ. ಈಗ ಅದು ಗೋಡೆಗೊರಗಿ ನನ್ನನ್ನೇ ನೋಡುತ್ತಿದೆ. ಹುಬ್ಬಿನ ಒಂದೊಂದು ಕೂದಲೂ ನನಗೆ ಗೊತ್ತು. ಇವರು ಯಾರೆಂದು ಮಾತ್ರ ಗೊತ್ತಿಲ್ಲ.