ನಿನಗೆ ಇಲ್ಲವೆಂದ ಮುನ್ನೂರು ಡಾಲರ್

ಮಾಂಗೆರೆ, ಆಕ್ಲೆಂಡ್
ನವೆಂಬರ್ 6

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಆ ಸೀಸೆಯನ್ನೂ ಪಾದ್ರಿಯ ಹೆಂಡತಿಗೆ ಕೊಟ್ಟುಬಿಟ್ಟೆಯೋ? ಕಣ್ಣಿಗೆ ಮೋಡ ಕವಿದ ಹಾಗಿದೆ, ಅಷ್ಟೇ ಎಂದಿದ್ದೆ. ಈಗ ಹೇಗಿದೆ? ಇಲ್ಲಿ ನಿನ್ನ ಅಳಿಯ ಸೆಮಿಸಿಗೆ ಗೋದಾಮಿನಲ್ಲಿ ಹಗಲು ಪಾಳಿ ಸಿಕ್ಕಿದೆ. ನಿನ್ನ ಮೊಮ್ಮಗಳು ಲಾವಿನಿಯಾ ನನಗಿಂತ ಎತ್ತರವಾಗಿದ್ದಾಳೆ, ಮಾತಿನಲ್ಲಿ ನಿನ್ನನ್ನೂ ಮೀರಿಸುತ್ತಾಳೆ. ಫತಾಯಿ, ಈ ಕಾಗದವನ್ನು ನಿನ್ನ ಅತ್ತೆಗೆ ನಿಧಾನವಾಗಿ ಓದಿ ಹೇಳು ತಾಯಿ. ನಡುವೆ ಸಾಲು ಹಾರಿಸುವುದು ನಿನ್ನ ಹಳೆಯ ಚಾಳಿ.

ಚರ್ಚಿನ ಹಾಲಿನಲ್ಲಿ ನಮ್ಮ ಟೊಂಗಾದವರಿಗೆ ನಾನು ದುಡ್ಡಿನ ಪಾಠ ಮಾಡುತ್ತೇನೆಂದು ನೀನು ಊರೆಲ್ಲ ಹೇಳಿಕೊಂಡು ಬಂದಿದ್ದೀಯಂತೆ. ಮೊದಲ ದಿನ ಏನಾಯಿತೆಂದು ಹೇಳಿರಲಿಲ್ಲ. ನನ್ನನ್ನು ಈ ಪಾಠಕ್ಕೆ ಹಾಕಿದ ಆಫೀಸಿನವರು ಕೊಟ್ಟ ಪುಸ್ತಕದಲ್ಲಿ ಬಾಡಿಗೆ, ಕರೆಂಟು, ದಿನಸಿ ಎಲ್ಲ ಮೇಲೆ, ದಾನಧರ್ಮ ಕಟ್ಟಕಡೆಗೆ, ಉಳಿದರೆ ಮಾತ್ರ. ಅದನ್ನು ಓದಿದ್ದೇ ತಡ, ಹೆಂಗಸರೆಲ್ಲ ಪುಸ್ತಕ ಮುಚ್ಚಿದರು. ಎಪ್ಪತ್ತು ದಾಟಿದ ಕಲೊಲೈನಿ ಅಜ್ಜಿ, "ಇದ್ನ ಬರ್ದೋನಿಗೆ ಅಮ್ಮ ಇಲ್ವೇನೇ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೇ ವಾರ ಆ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋದೆ. ಹಲಗೆಯ ಮೇಲೆ ದೇವರ ಪಾಲು, ನೆಂಟರ ಪಾಲು ಎಂದು ಮೊದಲೇ ಬರೆದೆ. ಕೊಡಬೇಡಿ ಎನ್ನಲಿಲ್ಲ. ಎಷ್ಟು ಕೊಡಬೇಕೆಂದು ವರ್ಷದ ಮೊದಲಲ್ಲೇ ಮನೆಯವರೆಲ್ಲ ಚಾಪೆ ಹಾಸಿ ಕೂತು ನಿರ್ಧರಿಸಿ, ಆಮೇಲೆ ಯಾರು ಏನಂದರೂ ಅಲ್ಲಾಡಬೇಡಿ ಎಂದೆ. ಅಂದಿನಿಂದ ಹಾಲಿನಲ್ಲಿ ಕುರ್ಚಿ ಸಾಲಲಿಲ್ಲ.

ಜೂನ್‌ನಲ್ಲಿ ನೀನು ಫೋನ್ ಮಾಡಿದೆ. ಕಣ್ಣಿನ ಡಾಕ್ಟರುಗಳು ರಾಜಧಾನಿ ನುಕುಅಲೋಫಾಗೆ ಬರುತ್ತಾರೆ, ನಮ್ಮ ವವಾವು ದ್ವೀಪದಿಂದ ಹಡಗಿನಲ್ಲಿ ಹೋಗಿ ಎರಡು ವಾರ ಇರಬೇಕು, ಮುನ್ನೂರು ಡಾಲರ್ ಆಗುತ್ತೆ ಎಂದೆ. ಮಾತು ಮುಗಿಯುವ ಮೊದಲೇ, ಸಂಕೋಚದಿಂದ, ಆಗದಿದ್ರೆ ಬಿಡು ಎಂದೂ ಅಂದೆ. ನಾನು ಬಿಟ್ಟೆ. ನೆಂಟರ ಪಾಲು ಈ ವರ್ಷ ಮುಗಿದಿದೆ, ಬರುವ ವರ್ಷ ನೋಡೋಣ ಎಂದೆ. ನೀನು ಸಿಟ್ಟಾಗಲಿಲ್ಲ. ನನಗಾಗಿ ಪ್ರಾರ್ಥನೆ ಮಾಡಿ ಫೋನ್ ಇಟ್ಟೆ. ಆ ವಾರ ಪಾಠದಲ್ಲಿ ಎದೆ ಸೆಟೆಸಿಕೊಂಡು, ಹೆತ್ತ ತಾಯಿಗೇ ಇಲ್ಲ ಅಂದೆ, ಅವಳು ಆಶೀರ್ವಾದ ಮಾಡಿದಳು ಎಂದು ಹೇಳಿದೆ. ಚಪ್ಪಾಳೆ ತಟ್ಟಿದರು ಅಮ್ಮಾ. ಆ ಚಪ್ಪಾಳೆ ನನಗೆ ಹಿತವಾಗಿತ್ತು.

ಹೋದ ತಿಂಗಳು ಇಲ್ಲಿ ಮಿಸಿನಾಲೆ, ಚರ್ಚಿಗೆ ವರ್ಷದ ಕಾಣಿಕೆ ಕೊಡುವ ದಿನ. ನಾನೂ ಸೆಮಿಸಿಯೂ ಫೆಬ್ರುವರಿಯಲ್ಲೇ ಆರುನೂರು ಎಂದು ನಿರ್ಧರಿಸಿದ್ದೆವು. ಒಂದೊಂದೇ ಮನೆತನದ ಹೆಸರು ಕೂಗಿ, ಕೊಟ್ಟ ಕಾಣಿಕೆಯನ್ನು ಎಲ್ಲರೆದುರು ಓದಿದರು. ಕಲೊಲೈನಿ ಅಜ್ಜಿಯ ಮನೆಯವರದು ಮುನ್ನೂರು. ಅಷ್ಟೇ ಎಂದು ಅವರು ಗೊತ್ತುಮಾಡಿಕೊಂಡಿದ್ದರು, ಅಷ್ಟೇ ಕೊಟ್ಟು ಬಂದು ನೆಮ್ಮದಿಯಾಗಿ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತರು. ನಮ್ಮ ಹಿಂದೆ ಕೂತವರದು ಸಾವಿರದ ಎಂಟುನೂರು. ಆಮೇಲೆ ನಮ್ಮ ಮನೆತನವೆಂದು ಅಪ್ಪನ ಹೆಸರು ಕೂಗಿ ಆರುನೂರು ಎಂದಾಗ ನನಗೆ ಅವಮಾನವಾಯಿತು. ಇನ್ನೂ ಸೇರಿಸುವವರು ಬರಬಹುದು ಎಂದು ಕರೆದಾಗ ಸೆಮಿಸಿ ನನ್ನ ತೋಳು ಹಿಡಿದ, ಕೊಸರಿಕೊಂಡು ಎದುರಿನ ಪೆಟ್ರೋಲ್ ಬಂಕಿನ ಎಟಿಎಂಗೆ ಓಡಿದೆ. ಮನೆ ಬಾಡಿಗೆಗೆಂದು ಇಟ್ಟಿದ್ದ ಸಾವಿರದ ನಾನೂರು ತಂದು ಮೇಜಿನ ಮೇಲೆ ಇಟ್ಟೆ. ನನ್ನ ಪಾಠಕ್ಕೆ ಬರುವವರೆಲ್ಲ ನೋಡುತ್ತಿದ್ದರು.

ಆ ಸುದ್ದಿ ನಿನಗೆ ಅವತ್ತೇ ಮುಟ್ಟಿತು. ನೀನು ಫೋನಿನಲ್ಲಿ ಸಂತೋಷದಿಂದ ಅತ್ತೆ. ನಿಮ್ಮಪ್ಪನ ಹೆಸರು ಎತ್ತಿಹಿಡಿದೆ ಮಗಳೇ ಎಂದೆ. ಆ ಮುನ್ನೂರರ ಮಾತನ್ನು ನೀನು ತೆಗೆಯಲೇ ಇಲ್ಲ. ತೆಗೆದು ನಾಲ್ಕು ಬೈದಿದ್ದರೆ ನಾನು ಆ ರಾತ್ರಿ ನಿದ್ದೆಯನ್ನಾದರೂ ಮಾಡುತ್ತಿದ್ದೆ.

ಮುಂದಿನ ಪಾಠದಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಯಾರೂ ಆಡಿಕೊಳ್ಳಲಿಲ್ಲ. ಎಲ್ಲರೂ ಹೋದಮೇಲೆ ಕಲೊಲೈನಿ ಅಜ್ಜಿ ಪಾತ್ರೆ ತೊಳೆಯುತ್ತಾ, "ಮನೆಯೋರೆಲ್ಲ ಕೂತು ಮಾತಾಡ್ಬೇಕು ಅಂತ ನೀನೇ ಕಲಿಸ್ದೆ. ನಿಮ್ಮನೆ ಚಾಪೆ ಮೇಲೆ ನಿಮ್ಮಮ್ಮ ಕೂತಿದ್ಳಾ?" ಎಂದಳು. ಫೆಬ್ರುವರಿಯಲ್ಲಿ ನಿನಗೊಂದು ಫೋನ್ ಮಾಡಿ, ಈ ವರ್ಷ ನಿನಗೇನು ಬೇಕಮ್ಮಾ ಎಂದು ಕೇಳಬೇಕೆಂದು ನನಗೆ ಅನ್ನಿಸಿರಲೇ ಇಲ್ಲ. ನೆಂಟರ ಪಾಲಿನಲ್ಲಿ ನಿನ್ನನ್ನೂ ನೆಂಟರಲ್ಲಿ ಒಬ್ಬಳೆಂದು ಬರೆದಿದ್ದೆ.

ಡಿಸೆಂಬರ್ ಹತ್ತಕ್ಕೆ ನಾನೇ ಬರುತ್ತಿದ್ದೇನೆ. ನಿನ್ನನ್ನು ಇಲ್ಲಿಗೇ ಕರೆತಂದು ಡಾಕ್ಟರಿಗೆ ತೋರಿಸುತ್ತೇವೆ. ಅದರ ಖರ್ಚಿಗೆ ಸೆಮಿಸಿ ವ್ಯಾನು ಮಾರಿದ. ನೀನು ಬೇಡವೆನ್ನಬೇಡ.

ಫತಾಯಿಯ ಮಕ್ಕಳಿಗೆ ಮುತ್ತು, ಪಾದ್ರಿಯವರಿಗೆ ವಂದನೆ. ನಿನ್ನ ಪ್ರಾರ್ಥನೆಯಲ್ಲಿ ನನ್ನ ಹೆಸರು ಇನ್ನೂ ಇರಲಿ.

ನಿನ್ನ ಮಗಳು,
ಉಯಿನಿಸೆ

ತಾ.ಕ.: ಫತಾಯಿ, ಇಷ್ಟನ್ನು ಅತ್ತೆಯ ಕಿವಿಯಲ್ಲಿ ಮಾತ್ರ ಓದು. ಅಮ್ಮಾ, ಹೋದ ಭಾನುವಾರ ಫೋನಿನಲ್ಲಿ ನೀನು, ಲಾವಿನಿಯಾಳ ಫೋಟೋ ಬಂತು, ಬಿಳಿ ಉಡುಪಿನಲ್ಲಿ ಎಷ್ಟು ಚೆಂದ ಕಾಣ್ತಾಳೆ ಎಂದೆ. ಈಗ ಲಕೋಟೆ ಹುಡುಕುವಾಗ ನೋಡಿದರೆ, ಕಳಿಸುತ್ತೇನೆಂದು ನಾನು ಹೇಳಿದ್ದ ಆ ಫೋಟೋ ನನ್ನ ಮೇಜಿನ ಖಾನೆಯಲ್ಲೇ ಇದೆ. ನಿನಗೆ ಕಳಿಸಿದ್ದು ಸೆಮಿಸಿ ಮೀನು ಹಿಡಿದುಕೊಂಡು ನಿಂತದ್ದು. ಎಷ್ಟು ದಿನವಾಯಿತು ಅಮ್ಮಾ, ನಿನಗೆ ಏನೂ ಕಾಣದೆ?