ಗುರುವಾರದ ಸಹಿ

ಡಾಕ್ಟರ್ ಜೆರಾಲ್ಡ್ ಅವರಿಗೆ,

ನೀವು ಮುಖವನ್ನೇ ನೋಡದ ಪೂವಪ್ಪಣ್ಣನ ಫೈಲಿನಲ್ಲಿ "ಖುದ್ದಾಗಿ ಪರೀಕ್ಷಿಸಿದೆ" ಎಂದು ಸುಳ್ಳು ಬರೆದಿದ್ದೀರಿ. ನಾನು ಡಾಕ್ಟರಲ್ಲ, ಫಿಸಿಶಿಯನ್ ಅಸಿಸ್ಟೆಂಟ್. ನಿಮ್ಮ ಮೇಲ್ವಿಚಾರಣೆಯಿದ್ದರೆ ಮಾತ್ರ ನನ್ನ ಲೈಸೆನ್ಸಿಗೆ ಬೆಲೆ. ನಿಯಮದ ಪುಸ್ತಿಕೆ ಓದಿಯೇ ಹೇಳುತ್ತಿದ್ದೇನೆ. ನೀವೋ ದೂರದ ಖಲೀಫಾ ಸಿಟಿಯಲ್ಲಿ ಕೂತು, ನಮ್ಮ ಎಲೆಕ್ಟ್ರಾ ಸ್ಟ್ರೀಟ್ ಕ್ಲಿನಿಕ್ಕಿನ ಇಡೀ ವಾರದ ಫೈಲುಗಳಿಗೆ ಗುರುವಾರ ಒಟ್ಟಿಗೆ ಸಹಿ ಹಾಕುತ್ತೀರಿ.

ಮಂಗಳವಾರ ಪೂವಪ್ಪಣ್ಣನಿಗೆ ಎದೆನೋವೆಂದು ನಿಮಗೆ ಫೋನ್ ಮಾಡಿದೆ. "ಗ್ಯಾಸ್ ಮಾರಾಯ್ತಿ, ಮಾತ್ರೆ ಕೊಟ್ಟು ಖಲಾಸ್ ಮಾಡು" ಎಂದಿರಿ. ನಾನು ಆಂಬ್ಯುಲೆನ್ಸ್ ಕರೆದೆ. ಹೃದಯಾಘಾತವಾಗಿತ್ತು. ಈಗಲೂ ಐಸಿಯುವಿನಲ್ಲಿದ್ದಾರೆ.

ಫೈಲಿನ ಆ ಸುಳ್ಳು ಸಾಲನ್ನು ತಿದ್ದಿ. ಇಲ್ಲವಾದರೆ ಆರೋಗ್ಯ ಇಲಾಖೆಗೆ ನಾನೇ ದೂರು ಕೊಡುತ್ತೇನೆ. ನನ್ನ ವೀಸಾ ಹೋದರೂ ಚಿಂತೆಯಿಲ್ಲ. ಪೂವಪ್ಪಣ್ಣನನ್ನು ಹೇಗೆ ಪರೀಕ್ಷಿಸಿದಿರೆಂದು ಅವರ ಹೆಂಡತಿ ವಾರಿಜಾಕ್ಷಿ ಅಕ್ಕನಿಗೆ ನೀವೇ ಹೇಳಬೇಕು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅವರೂ ನಾನೂ ಕ್ಲಿನಿಕ್ಕಿನಲ್ಲಿರುತ್ತೇವೆ.

ಡೆಲ್ಫಿನ್